ಬಂಡೆಗೆ ತಕ್ಕ ಕ್ಯಾಮೆರಾ

ಸುರುಳಿಯ ಬದಲು ಬಿಡಿಬಿಡಿಯಾಗಿ ಬರುವ ಹಾಳೆ ಫಿಲ್ಮ್ ಬಳಸುವ, ಮಡಚಿ ಬೆನ್ನುಚೀಲಕ್ಕೆ ಹಾಕಿಕೊಳ್ಳಬಹುದಾದ ಫೀಲ್ಡ್ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಬೆಂಗಳೂರಿನಲ್ಲಿ ಮೊದಲು ಎದುರಾಗುವ ತೊಡಕು ಹಣದ್ದಲ್ಲ. ನಾಲ್ಕೈದು ಕ್ಯಾಮೆರಾಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಬಿಚ್ಚಿ, ತಿರುಪು ಬಿಗಿದು, ಮತ್ತೆ ಮಡಚಿ ನೋಡಿ ಎನ್ನುವ ಅಂಗಡಿ ನನಗೆ ಎಲ್ಲೂ ಸಿಗಲಿಲ್ಲ. ಸಿಗುವುದು ಕೈಪಿಡಿಗಳು ಮಾತ್ರ. ತೂಕ ಎಷ್ಟು, ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಮಡಿಕೆಯಾದ ಬೆಲ್ಲೋಸ್ ಎಷ್ಟು ಉದ್ದ ಚಾಚುತ್ತದೆ, ಮುಂದಿನ ಚೌಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ಬಾಗಿಸಿ ಬಿಗಿದ ಮೇಲೆ ಅದು ಅಲ್ಲೇ ನಿಲ್ಲುತ್ತದೆಯೇ ಎಂಬುದು ಇರುವುದಿಲ್ಲ. ನನಗೆ ಬೇಕಾಗಿದ್ದ ಉತ್ತರ ಅದೊಂದೇ ಆಗಿತ್ತು. ಅದನ್ನು ಪಡೆಯಲು ಎರವಲು ಕ್ಯಾಮೆರಾಗಳನ್ನು ಹೊತ್ತು ಬೆಟ್ಟ ಹತ್ತಬೇಕಾಯಿತು, ವರ್ನಿಯರ್ ಮಾಪಕ ಹಿಡಿದು ಕೂರಬೇಕಾಯಿತು, ಪೀಣ್ಯದ ಲೇತ್ ಅಂಗಡಿಯವರೆಗೂ ಹೋಗಬೇಕಾಯಿತು.

ನಾನು ಚಿತ್ರಿಸಬೇಕೆಂದಿದ್ದುದು ಬೆಂಗಳೂರಿನ ಸುತ್ತಲ ಬಂಡೆಗಳನ್ನು. ಲಾಲ್‌ಬಾಗ್ ಗುಡ್ಡದ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ರಾಮನಗರ, ಮಾಗಡಿ ಕಡೆಗೆ ಹೋದರೆ ಅದಕ್ಕಿಂತ ಕಿರಿಯದಾದ, ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಸಿಗುತ್ತದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಅದನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. 1226 ಮೀಟರ್ ಎತ್ತರದ ಸಾವನದುರ್ಗ ಆ ಕಲ್ಲಿನದೇ. ಕರಿಗುಡ್ಡ, ಬಿಳಿಗುಡ್ಡ ಎಂಬ ಅದರ ಎರಡು ಮೈಗಳ ಮೇಲೆ ಮಳೆನೀರು ಇಳಿದಿಳಿದು ಮೂಡಿದ ಕಪ್ಪು ಪಟ್ಟೆಗಳು, ಕಲ್ಲುಹೂವಿನ ಬೂದುಬಣ್ಣದ ತೇಪೆಗಳು, ಬಿರುಕಿನಲ್ಲಿ ಬೇರೂರಿದ ಹುಲ್ಲು ಇವೆಲ್ಲ ಬರಿಗಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತವೆಯೋ ಅಷ್ಟೇ ಸ್ಪಷ್ಟವಾಗಿ ದೊಡ್ಡ ಮುದ್ರಣದಲ್ಲೂ ಕಾಣಬೇಕು ಎಂಬುದು ನನ್ನ ಆಸೆ. 35 ಮಿ.ಮೀ. ಫಿಲ್ಮಿನ ಚೌಕಟ್ಟು 24×36 ಮಿ.ಮೀ. 4×5 ಇಂಚಿನ ಹಾಳೆಯಲ್ಲಿ, ಅದನ್ನು ಬೆಳಕು ತಾಗದಂತೆ ಹಿಡಿದಿಡುವ ಹೋಲ್ಡರಿನ ಅಂಚು ಬಿಟ್ಟು, ಚಿತ್ರ ಬೀಳುವ ಜಾಗ ಸುಮಾರು 95×120 ಮಿ.ಮೀ. ಅಂದರೆ 13 ಪಟ್ಟು ದೊಡ್ಡದು.

ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಇದು ಆಗುವುದಿಲ್ಲವೇ ಎಂದು ಕೇಳುವವರಿಗೆ ನಾನು ವಾದ ಹೂಡುವುದಿಲ್ಲ. ವಿವರ ಮಾತ್ರ ಬೇಕಿದ್ದರೆ ಆಗುತ್ತದೆ. ಆದರೆ ಒಂದೊಂದು ಹಾಳೆಯನ್ನೂ ಅದರ ಬೆಳಕಿಗೆ ತಕ್ಕಂತೆ ಬೇರೆಬೇರೆಯಾಗಿ ಡೆವಲಪ್ ಮಾಡುವುದು ನನಗೆ ಇಷ್ಟ. ಬಿಸಿಲು ಬಿದ್ದ ಬಂಡೆಗೂ ಅದರ ಬುಡದ ಪೊದೆಯ ನೆರಳಿಗೂ ನಡುವೆ ಇರುವ ಅಂತರವನ್ನು ಹಾಗೆ ಹಿಡಿತಕ್ಕೆ ತಂದುಕೊಳ್ಳಬಹುದು. ಜೊತೆಗೆ, ಕಪ್ಪು ಬಟ್ಟೆ ಹೊದ್ದು, ಕ್ಯಾಮೆರಾದ ಹಿಂಬದಿಯ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬೆಟ್ಟವನ್ನು ನೋಡುತ್ತಾ ನಿಂತರೆ ಯಾವುದು ಬೇಕು, ಯಾವುದು ಬೇಡ ಎಂಬುದು ಬೇಗ ತೀರ್ಮಾನವಾಗುತ್ತದೆ. ಇಷ್ಟು ಸಾಕು.

ಫೀಲ್ಡ್ ಕ್ಯಾಮೆರಾ ಎಂದರೆ ಮೂಲದಲ್ಲಿ ಎರಡು ಚೌಕಟ್ಟು, ನಡುವೆ ಬೆಳಕು ಹೊಗದ ಒಂದು ಬೆಲ್ಲೋಸ್. ಮುಂದಿನದರಲ್ಲಿ ಲೆನ್ಸ್, ಹಿಂದಿನದರಲ್ಲಿ ಫಿಲ್ಮ್. ಇವೆರಡರ ನಡುವಿನ ಕೋನ ಬದಲಾದರೆ ಚಿತ್ರದಲ್ಲಿ ಸ್ಫುಟವಾಗಿ ಕಾಣುವ ಸಮತಲವೂ ವಾಲುತ್ತದೆ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಮ್‌ಫ್ಲೂಗ್ 1904ರಲ್ಲಿ ವೈಮಾನಿಕ ಚಿತ್ರಗಳ ವಕ್ರತೆಯನ್ನು ಸರಿಪಡಿಸಲು ಇದನ್ನು ಬಳಸಿ ಪೇಟೆಂಟ್ ಪಡೆದರು. ನಮ್ಮಂಥವರು ಅದೇ ನಿಯಮದಿಂದ ಕಾಲಬುಡದ ಬಂಡೆಯಿಂದ ದೂರದ ದಿಗಂತದವರೆಗೆ ಎಲ್ಲವನ್ನೂ ಸ್ಫುಟವಾಗಿಸಿಕೊಳ್ಳುತ್ತೇವೆ. ಲೆನ್ಸನ್ನು ತುಸು ಮುಂದಕ್ಕೆ ಬಾಗಿಸಿದರೆ ಸ್ಫುಟತೆಯ ಸಮತಲ ನೆಲದ ಮೇಲೆ ಮಲಗುತ್ತದೆ.

ಎಷ್ಟು ಬಾಗಿಸಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಲೆನ್ಸಿನ ಫೋಕಲ್ ಲೆಂಗ್ತನ್ನು ನೆಲದಿಂದ ಲೆನ್ಸಿಗಿರುವ ಎತ್ತರದಿಂದ ಭಾಗಿಸಿದರೆ ಬರುವುದು ಆ ಕೋನದ ಸೈನ್. 150 ಮಿ.ಮೀ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಬೇಕಾಗುವುದು 6 ಡಿಗ್ರಿಗಿಂತ ಸ್ವಲ್ಪ ಕಡಿಮೆ. 90 ಮಿ.ಮೀ. ಲೆನ್ಸಿಗೆ ಸುಮಾರು ಮೂರೂವರೆ ಡಿಗ್ರಿ. ಈ ಲೆಕ್ಕ ಮಾಡಿ ನೋಡಿದ ಮೇಲೆ ಕ್ಯಾಮೆರಾ ಹುಡುಕುವ ನನ್ನ ದಾರಿಯೇ ಬೇರೆಯಾಯಿತು. 20 ಡಿಗ್ರಿ, 30 ಡಿಗ್ರಿ ಬಾಗುತ್ತದೆ ಎಂದು ಹೆಮ್ಮೆಪಡುವ ಕ್ಯಾಮೆರಾಗಳ ಆ ಹೆಮ್ಮೆಯಿಂದ ನನಗೇನೂ ಆಗಬೇಕಿರಲಿಲ್ಲ. ನನಗೆ 6 ಡಿಗ್ರಿ ಬಾಗಿದರೆ ಸಾಕು. ಆದರೆ ಆ 6 ಡಿಗ್ರಿ ಹೋಲ್ಡರ್ ತೂರಿಸುವಾಗ 5 ಆಗಬಾರದು. ಒಂದು ವೇಳೆ 5 ಆದರೆ ಏನಾಗುತ್ತದೆ? ಮೇಲಿನ ಉದಾಹರಣೆಯಲ್ಲೇ ಒಂದು ಡಿಗ್ರಿ ಸಡಿಲಗೊಂಡರೆ ಕ್ಯಾಮೆರಾದ ಬುಡದಲ್ಲಿ ಸ್ಫುಟತೆಯ ಸಮತಲ ಬಂಡೆಯ ಮೇಲ್ಮೈ ಬಿಟ್ಟು ಸುಮಾರು ಒಂದು ಅಡಿ ಕೆಳಕ್ಕೆ ಇಳಿಯುತ್ತದೆ. ಕಲ್ಲುಹೂವು ಮಸುಕಾಗುತ್ತದೆ. ಅದು ಗೊತ್ತಾಗುವುದು ಮನೆಗೆ ಬಂದು ನೆಗೆಟಿವ್ ಒಣಗಿದ ಮೇಲೆ.

ಆದ್ದರಿಂದ ಭೂದೃಶ್ಯಕ್ಕೆ ನಂಬಿಕಸ್ಥ ಕ್ಯಾಮೆರಾ ಎಂದರೆ ಹೆಚ್ಚು ಚಲನೆ ಇರುವುದಲ್ಲ, ಇರುವ ಅಲ್ಪ ಚಲನೆಯನ್ನು ಗಾಳಿಯಲ್ಲೂ ಬಿಡದೆ ಹಿಡಿದುಕೊಳ್ಳುವುದು. ಮುಂದೆ ನೋಡಿದ ಪ್ರತಿಯೊಂದು ಕ್ಯಾಮೆರಾವನ್ನೂ ನಾನು ಈ ಒಂದು ಮಾತಿನಿಂದಲೇ ಅಳೆದೆ.

ಮೊದಲು ಕಣ್ಣಿಗೆ ಬಿದ್ದವು ನಮ್ಮಲ್ಲೇ ಇದ್ದ ಹಳೆಯ ಮರದ ಕ್ಯಾಮೆರಾಗಳು. ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಹಾಫ್ ಪ್ಲೇಟ್ ಕ್ಯಾಮೆರಾಗಳದೇ ರಾಜ್ಯ. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಅವುಗಳಲ್ಲಿ ಹೆಸರುವಾಸಿ. ತೇಗದ ಮರ, ಹಿತ್ತಾಳೆಯ ಪಟ್ಟಿ, ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸು ಬಾರದಷ್ಟು ಅಚ್ಚುಕಟ್ಟು. ಅಂಥದ್ದೊಂದು ನನ್ನ ಕೈಗೆ ಬಂದಾಗ ಇದನ್ನೇ ಏಕೆ ಬಳಸಬಾರದು ಎಂದು ಬಹಳ ಯೋಚಿಸಿದೆ. ಹಾಫ್ ಪ್ಲೇಟ್ ಅಳತೆ ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ಆ ಅಳತೆಯ ಫಿಲ್ಮ್ ಸುಲಭವಾಗಿ ಸಿಗುವುದಿಲ್ಲ. ಎಕ್ಸ್-ರೇ ಫಿಲ್ಮ್ ಕತ್ತರಿಸಿ ಹಾಕುವವರಿದ್ದಾರೆ. ಆದರೆ ಅದು ಕೆಂಪು ಬಣ್ಣಕ್ಕೆ ಕುರುಡು, ಎರಡೂ ಬದಿಗೆ ಲೇಪನವಿರುವುದರಿಂದ ಬೇಗ ಗೀರು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟುಡಿಯೋದ ಒಳಗೆ ಭಾರದ ಸ್ಟ್ಯಾಂಡಿನ ಮೇಲೆ ನಿಂತು ದುಡಿದ ಕ್ಯಾಮೆರಾ ಅದು. ಬೆಟ್ಟದ ಗಾಳಿಗೆ ಅದನ್ನು ಒಡ್ಡುವುದು ನ್ಯಾಯವಲ್ಲ. ಗೌರವದಿಂದ ಕಪಾಟಿಗೆ ಹಿಂದಿರುಗಿಸಿದೆ.

ಅಲ್ಲಿಗೆ 4×5 ಎಂಬುದು ಖಚಿತವಾಯಿತು. ಇಲ್‌ಫರ್ಡ್, ಕೊಡಾಕ್, ಫೋಮಾ ಮೂರೂ ಈ ಅಳತೆಯ ಹಾಳೆ ತಯಾರಿಸುತ್ತವೆ. ಹೋಲ್ಡರುಗಳಿಗೂ ಒಂದೇ ಅಂತರರಾಷ್ಟ್ರೀಯ ಅಳತೆ. ಯಾವ ದೇಶದ ಹೋಲ್ಡರ್ ಆದರೂ ಯಾವ ದೇಶದ ಕ್ಯಾಮೆರಾದಲ್ಲೂ ಕೂರುತ್ತದೆ.

ಈ ಅಳತೆಯ ಮಡಚುವ ಕ್ಯಾಮೆರಾಗಳು ಸ್ಥೂಲವಾಗಿ ಮೂರು ಬಗೆ. ಮ್ಯೂನಿಕ್‌ನ ಲಿನ್‌ಹೋಫ್ ಟೆಕ್ನಿಕಾ, ಜಪಾನಿನ ಟೊಯೊ 45ಎ, ವಿಸ್ಟಾದ ಲೋಹದ ಮಾದರಿಗಳು ಒಂದು ಗುಂಪು. ಇವು ಪೆಟ್ಟಿಗೆಯಂತೆ ಮುಚ್ಚಿಕೊಳ್ಳುತ್ತವೆ, ತೂಕ ಎರಡೂವರೆ ಕೆ.ಜಿ. ದಾಟುತ್ತದೆ. ಎರಡನೆಯ ಗುಂಪು ಮರದವು. ವಿಸ್ಟಾದ ಮರದ ಮಾದರಿಗಳು, ತಚಿಹಾರ, ಶಾಂಘೈನ ಶೆನ್ ಹಾವೊ ಇತ್ಯಾದಿ. ಟೋಕಿಯೋದ ಎಬೊನಿ ಕ್ಯಾಮೆರಾಗಳ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ. ಆದರೆ ಆ ಕಂಪನಿ 2016ರಲ್ಲಿ ಬಾಗಿಲು ಹಾಕಿತು, ಉಳಿದವುಗಳ ಬೆಲೆ ನನ್ನ ಅಳವಿಗೆ ಮೀರಿದ್ದು. ಮೂರನೆಯದು ಈಚಿನವು. ಚೀನಾದ ಶಾಮೊನಿ ಕ್ಯಾಮೆರಾಗಳಲ್ಲಿ ಕಾರ್ಬನ್ ಫೈಬರ್ ಮತ್ತು ಮರ ಎರಡೂ ಸೇರಿ ತೂಕ ಒಂದೂವರೆ ಕೆ.ಜಿ. ಆಸುಪಾಸಿಗೆ ಇಳಿದಿದೆ. ಇಂಗ್ಲೆಂಡಿನ ಬ್ರೈಟನ್‌ನ ಇಂಟ್ರೆಪಿಡ್ ಕಂಪನಿ 2014ರಲ್ಲಿ ಜನರಿಂದ ಹಣ ಸಂಗ್ರಹಿಸಿ ಪ್ಲೈವುಡ್ ಕ್ಯಾಮೆರಾ ತಯಾರಿಕೆಗೆ ಇಳಿಯಿತು. ಹೊಸ ಕ್ಯಾಮೆರಾವನ್ನು ಕಡಿಮೆ ಬೆಲೆಗೆ ಕೊಟ್ಟು ಹೊಸ ತಲೆಮಾರನ್ನು ಹಾಳೆ ಫಿಲ್ಮಿಗೆ ಕರೆತಂದ ಶ್ರೇಯ ಅದಕ್ಕೆ ಸಲ್ಲಬೇಕು. ಹಳೆಯ ಪತ್ರಿಕಾ ಛಾಯಾಗ್ರಾಹಕರ ಕ್ರೌನ್ ಗ್ರಾಫಿಕ್ ಕೂಡ ಗಟ್ಟಿ, ಅಗ್ಗ. ಆದರೆ ಅದರ ಲೆನ್ಸನ್ನು ನೇರವಾಗಿ ಮುಂದಕ್ಕೆ ಬಾಗಿಸಲು ಬರುವುದಿಲ್ಲ. ನನಗೆ ಬೇಕಾದ ಒಂದೇ ಚಲನೆ ಅದು.

ಪರಿಚಯದವರ ಹತ್ತಿರ ಒಂದೊಂದಾಗಿ ಎರವಲು ಕೇಳಿದೆ. ಈ ನಗರದಲ್ಲಿ ಹಾಳೆ ಫಿಲ್ಮ್ ಬಳಸುವವರು ಕೆಲವೇ ಜನ. ಒಬ್ಬರು ಸಿಕ್ಕರೆ ಅವರು ಇನ್ನೊಬ್ಬರ ಬಳಿಗೆ ಕಳುಹಿಸುತ್ತಾರೆ. ಕೊಡುವಾಗ ಯಾರೂ ಹಿಂದೆಮುಂದೆ ನೋಡಲಿಲ್ಲ. ಕಪ್ಪು ಬಟ್ಟೆ, ಮಬ್ಬುಗಾಜಿನ ಚಿತ್ರವನ್ನು ದೊಡ್ಡದಾಗಿ ತೋರಿಸುವ ಲೂಪ್ ಕೂಡ ಸೇರಿಸಿ ಕೊಟ್ಟವರಿದ್ದಾರೆ.

ಹಗುರವಾದ ಮರದ ಕ್ಯಾಮೆರಾವೊಂದನ್ನು ಹೊತ್ತು ನಂದಿ ಬೆಟ್ಟಕ್ಕೆ ಹೋದೆ. ನಸುಕಿನಲ್ಲಿ ಅಲ್ಲಿ ಬೀಸುವ ಗಾಳಿ ನೋಡಿದವರಿಗೇ ಗೊತ್ತು. ಬೆಲ್ಲೋಸ್ ಪೂರ್ತಿ ಚಾಚಿದಾಗ ಅದು ಹಾಯಿಯಂತೆ ಗಾಳಿ ಹಿಡಿಯಿತು. ಮಬ್ಬುಗಾಜಿಗೆ ಲೂಪ್ ಒತ್ತಿ ನೋಡಿದರೆ ದೂರದ ಬಂಡೆಯ ಅಂಚು ಸಣ್ಣಗೆ ತುಯ್ದಾಡುತ್ತಿತ್ತು. ಬಹಳ ಕಾಲ ಬಳಸಿದ್ದ ಕ್ಯಾಮೆರಾ ಅದು, ಮುಂದಿನ ಚೌಕಟ್ಟಿನ ತಿರುಪುಗಳು ಸವೆದಿದ್ದವು. ಎಷ್ಟು ಬಿಗಿದರೂ ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಚೌಕಟ್ಟು ಒಂದು ಕೂದಲೆಳೆ ಸರಿಯುತ್ತಿತ್ತು. ಗಾಳಿ ನಿಂತಾಗ ಅದೇ ಕ್ಯಾಮೆರಾ ಸೊಗಸಾದ ಚಿತ್ರ ಕೊಟ್ಟಿತು ಎಂಬುದನ್ನೂ ಹೇಳಬೇಕು. ಕಾಡಿನ ಒಳಗೆ, ಕಣಿವೆಯಲ್ಲಿ, ಗಾಳಿ ತಟ್ಟದ ಕಡೆ ದುಡಿಯುವವರಿಗೆ ಆ ಹಗುರತನ ದೊಡ್ಡ ವರವೇ. ನನ್ನ ಕೆಲಸ ಮಾತ್ರ ಬೋಳುಬಂಡೆಯ ನೆತ್ತಿಯ ಮೇಲೆ.

ಇನ್ನೊಮ್ಮೆ ಲೋಹದ ಕ್ಯಾಮೆರಾವೊಂದು ಸಿಕ್ಕಿತು. ಸಾವನದುರ್ಗದ ಬುಡದ ವೀರಭದ್ರೇಶ್ವರ ದೇವಸ್ಥಾನದಿಂದ ಮೇಲೆ ಹತ್ತುವಾಗ ಅದರ ತೂಕ ಹೆಗಲಿಗೆ ಚೆನ್ನಾಗಿಯೇ ತಿಳಿಯಿತು. ಆದರೆ ಮೇಲೆ ಹೋಗಿ ಬಿಚ್ಚಿ, ಮುಚ್ಚಳದಂತಿರುವ ಮುಂಬದಿಯ ಬೆಡ್ ಇಳಿಸಿ, ಮುಂದಿನ ಚೌಕಟ್ಟನ್ನು ಹಳಿಯ ಮೇಲೆ ಎಳೆದು ಬಿಗಿದಾಗ ಅಂಗೈಗೆ ಆದ ಅನುಭವವೇ ಬೇರೆ. ಬಿಗಿದ ತಿರುಪು ಬಿಗಿದಲ್ಲೇ ನಿಂತಿತು. ಹೋಲ್ಡರನ್ನು ಬೇಕೆಂದೇ ಸ್ವಲ್ಪ ಒರಟಾಗಿ ಒಳಗೆ ತೂರಿಸಿ, ಹೊರಗೆಳೆದು, ಮತ್ತೆ ಮಬ್ಬುಗಾಜು ನೋಡಿದೆ. ಬಂಡೆಯ ಬಿರುಕು ಇದ್ದಲ್ಲೇ ಇತ್ತು, ಅಷ್ಟೇ ಸ್ಫುಟವಾಗಿತ್ತು. ಲೋಹವೇ ಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ತೂಕವನ್ನು ಬೇರೆ ಕಡೆ ಇಳಿಸಿಕೊಳ್ಳಬಹುದು. ಲೆನ್ಸ್ ಹಗುರವಾದದ್ದು ತೆಗೆದುಕೊಳ್ಳಬಹುದು, ಹೋಲ್ಡರ್ ಕಡಿಮೆ ಒಯ್ಯಬಹುದು.

ಲೋಹದ ಕ್ಯಾಮೆರಾಗಳಿಗೆ ಇರುವ ಒಂದು ಮಿತಿಯನ್ನು ಮಾತ್ರ ಮೊದಲೇ ಲೆಕ್ಕ ಹಾಕಿಟ್ಟುಕೊಂಡೆ. ಅದು ಬೆಲ್ಲೋಸಿನ ಉದ್ದ. 300 ಮಿ.ಮೀ. ಲೆನ್ಸನ್ನು ಅನಂತ ದೂರಕ್ಕೆ ಫೋಕಸ್ ಮಾಡಲು ಸಾಮಾನ್ಯ ರಚನೆಯ ಲೆನ್ಸಾದರೆ 300 ಮಿ.ಮೀ. ಆಸುಪಾಸು ಚಾಚಬೇಕು, ಹತ್ತಿರಕ್ಕೆ ಬಂದಷ್ಟೂ ಇನ್ನೂ ಹೆಚ್ಚು. 320 ಮಿ.ಮೀ. ಚಾಚುವ ಕ್ಯಾಮೆರಾದಲ್ಲಿ ಆ ಲೆನ್ಸಿನಿಂದ ಸುಮಾರು 5 ಮೀಟರಿಗಿಂತ ಹತ್ತಿರದ ವಸ್ತುವನ್ನು ಹಿಡಿಯಲಾಗದು. 395 ಮಿ.ಮೀ. ಚಾಚಿದರೆ ಒಂದೂಕಾಲು ಮೀಟರಿನವರೆಗೂ ಬರಬಹುದು. ಉದ್ದ ಬೆಲ್ಲೋಸಿನ ಮರದ ಅಥವಾ ಕಾರ್ಬನ್ ಕ್ಯಾಮೆರಾ ಇಲ್ಲಿ ಗೆಲ್ಲುತ್ತದೆ. ನಾನು 300ರ ಲೆನ್ಸ್ ಬಳಸುವುದು ದೂರದ ಗುಡ್ಡಗಳ ಸಾಲಿಗೆ, 5 ಮೀಟರಿನ ಮಿತಿ ನನ್ನನ್ನು ಕಟ್ಟಿಹಾಕುವುದಿಲ್ಲ. ಹೂವು, ಬೇರು, ಕಲ್ಲಿನ ಸಣ್ಣ ವಿವರ ತೆಗೆಯುವವರು ಈ ಜಾಗದಲ್ಲಿ ಬೇರೆ ತೀರ್ಮಾನಕ್ಕೆ ಬರಬೇಕಾಗುತ್ತದೆ.

ಹುಡುಕಾಟ ಮುಗಿದದ್ದು ಮಲ್ಲೇಶ್ವರದಲ್ಲಿ. ಡಿಜಿಟಲ್ ಬರುವ ಮೊದಲು ಜಾಹೀರಾತು ಮತ್ತು ಕೈಗಾರಿಕಾ ಚಿತ್ರಗಳನ್ನು ತೆಗೆಯುತ್ತಿದ್ದ ಹಿರಿಯ ಛಾಯಾಗ್ರಾಹಕರೊಬ್ಬರು ಅಲ್ಲಿದ್ದಾರೆ. ಸ್ಟುಡಿಯೋ ಕೆಲಸಕ್ಕೆ ಅವರು ಬಳಸುತ್ತಿದ್ದುದು ಬೇರೆ ಕ್ಯಾಮೆರಾ. ಹೊರಗಿನ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಟೊಯೊ 45ಎ ವರ್ಷಗಳಿಂದ ಕಪಾಟಿನಲ್ಲಿತ್ತು. ತೂಕ ಸುಮಾರು 2.8 ಕೆ.ಜಿ., ಹಿಂಬದಿಯ ಚೌಕಟ್ಟು ತಿರುಗುವಂಥದ್ದು. ಕ್ಯಾಮೆರಾವನ್ನು ಮಗ್ಗುಲಿಗೆ ಮಲಗಿಸದೆ ಅಡ್ಡ ಚಿತ್ರದಿಂದ ಉದ್ದ ಚಿತ್ರಕ್ಕೆ ಹೊರಳಬಹುದು. ಮನೆಗೆ ಒಯ್ದು ಬೇಕಾದಷ್ಟು ಪರೀಕ್ಷೆ ಮಾಡಿ, ಒಪ್ಪಿಗೆಯಾದರೆ ಮಾತ್ರ ಹಣ ಕೊಡಿ ಎಂದರು. ಹಳೆಯ ಕ್ಯಾಮೆರಾ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಪರೀಕ್ಷೆಯ ಬಗ್ಗೆ ತುಸು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕೈಪಿಡಿಗಳು ಬಿಟ್ಟದ್ದು ಇದನ್ನೇ.

ಮೊದಲು ಬೆಲ್ಲೋಸ್. ರಾತ್ರಿ ಸ್ನಾನದ ಮನೆಯ ದೀಪವಾರಿಸಿ, ಬೆಲ್ಲೋಸನ್ನು ಪೂರ್ತಿ ಚಾಚಿ, ಹಿಂದಿನಿಂದ ಒಳಗೆ ಪುಟ್ಟ ಟಾರ್ಚ್ ಇಟ್ಟು ಮಬ್ಬುಗಾಜಿನ ಕಡೆಗೆ ಬಟ್ಟೆ ಮುಚ್ಚಿದೆ. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಸುಮ್ಮನೆ ನಿಲ್ಲಬೇಕು. ಅವಸರಪಟ್ಟರೆ ಸಣ್ಣ ತೂತುಗಳು ಕಾಣುವುದೇ ಇಲ್ಲ. ಮಡಿಕೆಗಳು ಕೂಡುವ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಎರಡು ಕಡೆ ಕಂಡಿತು. ಯಾವ ಕಂಪನಿಯ ಬೆಲ್ಲೋಸಾದರೂ ವಯಸ್ಸಾದಂತೆ ಮೊದಲು ಸವೆಯುವುದು ಆ ಮೂಲೆಗಳೇ. ಸೀಮೆಸುಣ್ಣದಿಂದ ಗುರುತು ಮಾಡಿ, ಮರುದಿನ ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ಸಣ್ಣ ಕುಂಚದಲ್ಲಿ ಒಳಗಿನಿಂದ ತೆಳುವಾಗಿ ಸವರಿದೆ. ದಪ್ಪಗೆ ಬಳಿದರೆ ಮಡಿಕೆ ಅಂಟಿಕೊಂಡು ಇನ್ನೊಂದು ಕಡೆ ಹರಿಯುತ್ತದೆ. ಒಣಗುವವರೆಗೆ ಬೆಲ್ಲೋಸನ್ನು ಚಾಚಿಯೇ ಇಟ್ಟಿದ್ದೆ.

ಬೆಳಕಿನ ಸೋರಿಕೆ ನಿಂತಿತೇ ಎಂದು ತಿಳಿಯಲು ಫಿಲ್ಮ್ ಖರ್ಚು ಮಾಡಬೇಕಿಲ್ಲ. ಫೋಟೋ ಮುದ್ರಿಸುವ ಕಾಗದವನ್ನು ಹಾಳೆಯ ಅಳತೆಗೆ ಕತ್ತರಿಸಿ ಹೋಲ್ಡರಿಗೆ ಹಾಕಿದೆ. ಶಟರ್ ಮುಚ್ಚಿಯೇ ಇಟ್ಟು, ಹೋಲ್ಡರಿನ ಮುಂದೆ ಬೆಳಕು ತಡೆಯುವ ಡಾರ್ಕ್ ಸ್ಲೈಡ್ ಎಳೆದು, ಕ್ಯಾಮೆರಾವನ್ನು ತಾರಸಿಯ ಮೇಲೆ ನಡುಬಿಸಿಲಿನಲ್ಲಿ ಎಲ್ಲ ದಿಕ್ಕಿಗೂ ತಿರುಗಿಸುತ್ತಾ ಒಂದಿಷ್ಟು ಹೊತ್ತು ಬಿಟ್ಟೆ. ಕೆಂಪು ದೀಪದಲ್ಲಿ ಡೆವಲಪ್ ಮಾಡಿದಾಗ ಕಾಗದ ಬಿಳಿಯಾಗಿಯೇ ಉಳಿಯಿತು. ಕಪ್ಪು ಗೆರೆ ಬಂದಿದ್ದರೆ ಅದರ ಜಾಗ ನೋಡಿ ಸೋರಿಕೆ ಬೆಲ್ಲೋಸಿನದೋ, ಹಿಂಬದಿಯ ಹೋಲ್ಡರ್ ಕೂರುವ ಜಾಗದ್ದೋ ಎಂದು ಹೇಳಬಹುದಿತ್ತು.

ಎರಡನೆಯದು, ಎರಡು ಚೌಕಟ್ಟುಗಳು ಶೂನ್ಯ ಸ್ಥಾನದಲ್ಲಿ ನಿಜಕ್ಕೂ ಸಮಾನಾಂತರವೇ ಎಂಬುದು. ಎಲ್ಲ ಗುರುತುಗಳನ್ನೂ ಶೂನ್ಯಕ್ಕೆ ತಂದು, ಮುಂದಿನ ಚೌಕಟ್ಟಿನಿಂದ ಹಿಂದಿನದಕ್ಕೆ ನಾಲ್ಕೂ ಮೂಲೆಗಳಲ್ಲಿ ಅಂತರ ಅಳೆದೆ. ಗುರುತನ್ನು ನಂಬಬಾರದು, ಅಳತೆಯನ್ನು ನಂಬಬೇಕು. ಕೆಳಗೆ ಬಿದ್ದು ಏಟು ತಿಂದ ಕ್ಯಾಮೆರಾಗಳಲ್ಲಿ ಗುರುತು ಶೂನ್ಯ ತೋರಿಸುತ್ತಿದ್ದರೂ ಚೌಕಟ್ಟು ಓರೆಯಾಗಿರಬಹುದು. ಇದರಲ್ಲಿ ನಾಲ್ಕೂ ಅಳತೆಗಳು ತಾಳೆಯಾದವು.

ಮೂರನೆಯದೇ ಎಲ್ಲಕ್ಕಿಂತ ಸೂಕ್ಷ್ಮ. ಫೋಕಸ್ ಮಾಡುವಾಗ ಮಬ್ಬುಗಾಜು ಇದ್ದ ಜಾಗಕ್ಕೇ ಆಮೇಲೆ ಫಿಲ್ಮ್ ಬಂದು ಕೂರಬೇಕು. 4×5 ಹೋಲ್ಡರಿನ ಒಳಗುಣಿಯ ಆಳ ಶಿಷ್ಟ ಅಳತೆಯಲ್ಲಿ 0.197 ಇಂಚು, ಅಂದರೆ 5 ಮಿ.ಮೀ. ಅದರೊಳಗೆ ಕೂರುವ ಹಾಳೆಯ ದಪ್ಪ ಸುಮಾರು 0.2 ಮಿ.ಮೀ. ಕಳೆದರೆ, ಬೆಳಕು ಹಿಡಿಯುವ ಲೇಪನವಾದ ಎಮಲ್ಷನ್ ಇರುವುದು 4.8 ಮಿ.ಮೀ. ಆಳದಲ್ಲಿ. ಗಾಜಿನ ಒರಟು ಮೈ ಕೂಡ ಅಲ್ಲೇ ಇರಬೇಕು. ಮಬ್ಬುಗಾಜಿನ ಚೌಕಟ್ಟನ್ನು ಕಳಚಿ, ಅದರ ಅಂಚುಗಳ ಮೇಲೆ ಉಕ್ಕಿನ ನೇರಪಟ್ಟಿ ಅಡ್ಡ ಇಟ್ಟು, ವರ್ನಿಯರಿನ ಆಳ ಅಳೆಯುವ ಕಡ್ಡಿಯನ್ನು ಗಾಜಿನ ಒರಟು ಮೈಗೆ ಮೆಲ್ಲಗೆ ತಾಗಿಸಿದೆ. ನಡುವಿನಲ್ಲಿ, ಮೂಲೆಗಳಲ್ಲಿ, ಅಂಚಿನಲ್ಲಿ. ಆಮೇಲೆ ಬೇಡದ ಹಾಳೆಯೊಂದನ್ನು ಹಾಕಿದ ಹೋಲ್ಡರಿನಲ್ಲೂ ಅದೇ ಅಳತೆ. ಎರಡರ ನಡುವಿನ ವ್ಯತ್ಯಾಸ ನನ್ನ ಮಾಪಕಕ್ಕೆ ಸಿಗಲಿಲ್ಲ.

ಇಲ್ಲಿ ಫ್ರೆನೆಲ್ ಫಲಕದ ವಿಷಯವನ್ನೂ ನೋಡಬೇಕು. ಚಿತ್ರದ ಮೂಲೆಗಳು ಬೆಳಗಲೆಂದು ಮಬ್ಬುಗಾಜಿಗೆ ಜೋಡಿಸುವ ತೆಳು ಪ್ಲಾಸ್ಟಿಕ್ ಫಲಕ ಅದು. ಗಾಜಿನ ಹಿಂದೆ, ಕಣ್ಣಿನ ಕಡೆಗಿದ್ದರೆ ತೊಂದರೆಯಿಲ್ಲ. ಯಾರಾದರೂ ಅದನ್ನು ಆಮೇಲೆ ಲೆನ್ಸಿನ ಕಡೆಗೆ ಸೇರಿಸಿದ್ದರೆ, ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಫೋಕಸ್ ಸ್ಥಳಾಂತರವಾಗುತ್ತದೆ, ಗಾಜೂ ಹಿಂದಕ್ಕೆ ಸರಿದಿರುತ್ತದೆ. ಗಾಜಿನ ಮೇಲೆ ಎಲ್ಲವೂ ಸ್ಫುಟ, ಫಿಲ್ಮಿನ ಮೇಲೆ ಎಲ್ಲವೂ ಮಸುಕು. ಹಳೆಯ ಕ್ಯಾಮೆರಾದ ಲೆನ್ಸ್ ಸರಿಯಿಲ್ಲ ಎಂದು ಜನ ಕೈಬಿಡುವುದಕ್ಕೆ ಎಷ್ಟೋ ಸಲ ಕಾರಣ ಇದೇ. ನನ್ನ ಕೈಯಲ್ಲಿದ್ದುದರಲ್ಲಿ ಫಲಕ ಕಣ್ಣಿನ ಕಡೆಗೇ ಇತ್ತು.

ಮಾಪಕ ಹೇಳಿದ್ದನ್ನು ಫಿಲ್ಮಿನ ಬಾಯಿಂದಲೂ ಕೇಳಬೇಕು. ಅಡಿಪಟ್ಟಿಯೊಂದನ್ನು ಕ್ಯಾಮೆರಾಕ್ಕೆ 45 ಡಿಗ್ರಿ ಓರೆಯಾಗಿ ಇಟ್ಟು, ಲೆನ್ಸನ್ನು ಪೂರ್ತಿ ತೆರೆದು, ನಡುವಿನ 15ರ ಗುರುತಿಗೆ ಫೋಕಸ್ ಮಾಡಿ ಹಾಳೆಯೊಂದನ್ನು ತೆಗೆದೆ. ಈ ಪರೀಕ್ಷೆಗೆ ಮಾತ್ರ ಕಾಗದ ನಡೆಯುವುದಿಲ್ಲ, ಅದರ ದಪ್ಪ ಬೇರೆ. ನೆಗೆಟಿವನ್ನು ಬೆಳಕಿಗೆ ಹಿಡಿದು ಲೂಪಿನಲ್ಲಿ ನೋಡಿದಾಗ 15ರ ಎರಡೂ ಬದಿಗೆ ಗೆರೆಗಳು ಒಂದೇ ಸಮನಾಗಿ ಮಸುಕಾಗುತ್ತಾ ಹೋಗಿದ್ದವು. ಮಲ್ಲೇಶ್ವರಕ್ಕೆ ಫೋನ್ ಮಾಡಿ ಹಣ ಸಿದ್ಧವಿದೆ ಎಂದು ಹೇಳಿದ್ದು ಆ ನೆಗೆಟಿವ್ ಕೈಯಲ್ಲಿ ಹಿಡಿದೇ.

ಲೆನ್ಸುಗಳ ವಿಷಯ ಇಷ್ಟು ತೊಡಕಾಗಲಿಲ್ಲ. 4×5 ಚಿತ್ರದ ಕರ್ಣ ಸುಮಾರು 153 ಮಿ.ಮೀ. ಲೆನ್ಸ್ ಎಸೆಯುವ ಬೆಳಕಿನ ವೃತ್ತ ಅದಕ್ಕಿಂತ ದೊಡ್ಡದಿದ್ದಷ್ಟೂ ಬಾಗಿಸಲು, ಏರಿಸಲು ಜಾಗವಿರುತ್ತದೆ. ನಿಕಾನ್‌ನ 90 ಮಿ.ಮೀ. ಎಫ್/8 ಲೆನ್ಸಿನ ವೃತ್ತ 235 ಮಿ.ಮೀ. ಎಫ್/4.5ರ ಅದರ ಅಣ್ಣನಿಗಿಂತ ಇದು ಎಷ್ಟೋ ಹಗುರ. ಮಬ್ಬುಗಾಜಿನ ಮೇಲೆ ಚಿತ್ರ ಸ್ವಲ್ಪ ಮಂಕಾಗಿ ಕಾಣುತ್ತದೆ, ಒಳ್ಳೆಯ ಕಪ್ಪು ಬಟ್ಟೆಯಿದ್ದರೆ ಅದು ತಡೆಯುವುದಿಲ್ಲ. ನನ್ನ ಬಟ್ಟೆಯನ್ನು ಚಿಕ್ಕಪೇಟೆಯಲ್ಲಿ ಕೊಂಡು ಹೊಲಿಸಿದ್ದು, ಒಳಗೆ ಕಪ್ಪು, ಹೊರಗೆ ಬಿಳಿ. ಎರಡೂ ಕಡೆ ಕಪ್ಪಾದರೆ ಬಂಡೆಯ ಬಿಸಿಲಿನಲ್ಲಿ ತಲೆ ಕಾಯುತ್ತದೆ. 90ರ ಜೊತೆಗೆ 150 ಮಿ.ಮೀ. ಎಫ್/5.6 ಒಂದು. ಎರಡೂ ಕೋಪಾಲ್ ಕಂಪನಿಯ 0 ಅಳತೆಯ ಶಟರಿನವು. ಹಳೆಯ ಶಟರುಗಳಲ್ಲಿ ನಿಧಾನಗತಿಯೇ ಮೊದಲು ಕೈಕೊಡುತ್ತದೆ. ಮೊಬೈಲಿನಲ್ಲಿ ಒಂದು ಸೆಕೆಂಡಿನ ಸದ್ದನ್ನು ಧ್ವನಿಮುದ್ರಿಸಿ ತೆರೆದ ಮತ್ತು ಮುಚ್ಚಿದ ಸದ್ದುಗಳ ನಡುವಿನ ಅಂತರ ನೋಡಿದರೆ ಅದರ ಆರೋಗ್ಯ ತಿಳಿಯುತ್ತದೆ. ಬೆಳಗಿನ ಬೆಳಕಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/32ಕ್ಕೆ ಇಳಿಸಿದರೆ ನಾನು ಬಳಸುವುದು ಹೆಚ್ಚಾಗಿ ಆ ಒಂದು ಸೆಕೆಂಡನ್ನೇ.

ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಹಲಗೆ, ಅಂದರೆ ಲೆನ್ಸ್ ಬೋರ್ಡ್ ಮಾತ್ರ ನನ್ನನ್ನು ಪೀಣ್ಯಕ್ಕೆ ಕರೆದೊಯ್ದಿತು. ಅನೇಕ ಕಂಪನಿಗಳು ಲಿನ್‌ಹೋಫ್ ಅಳತೆಯ ಬೋರ್ಡನ್ನೇ ಒಪ್ಪಿಕೊಂಡಿವೆ. ಟೊಯೊ ಫೀಲ್ಡ್ ಕ್ಯಾಮೆರಾದ್ದು ಬೇರೆ, 110 ಮಿ.ಮೀ. ಚೌಕ. ಕ್ಯಾಮೆರಾದ ಜೊತೆ ಬಂದದ್ದು ಒಂದೇ ಬೋರ್ಡ್. ಹೊರದೇಶದಿಂದ ತರಿಸಿ ಸಾಗಣೆ, ಸುಂಕ ಎಲ್ಲ ಕಟ್ಟುವ ಬದಲು ಇಲ್ಲೇ ಮಾಡಿಸೋಣ ಎಂದುಕೊಂಡೆ. ಯಂತ್ರಭಾಗಗಳನ್ನು ಕಡೆದುಕೊಡುವ ಸಣ್ಣ ಅಂಗಡಿಯ ಯಜಮಾನರ ಮುಂದೆ ಮೂಲ ಬೋರ್ಡ್ ಇಟ್ಟೆ. ಅವರು ಮಾತಾಡದೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಹಿಂಬದಿಯ ಅಂಚಿನಲ್ಲಿದ್ದ ಮೆಟ್ಟಿಲನ್ನು ಉಗುರಿನಿಂದ ಮುಟ್ಟಿ ನೋಡಿ, "ಇದು ಬೆಳಕು ತಡೆಯೋಕೆ ಅಲ್ಲವಾ ಸಾರ್?" ಎಂದರು. ಕ್ಯಾಮೆರಾ ಬೋರ್ಡನ್ನು ಅವರು ನೋಡಿದ್ದು ಅದೇ ಮೊದಲು. ಆ ಪ್ರಶ್ನೆ ಕೇಳಿದ ಮೇಲೆ ಬೇರೆ ಅಂಗಡಿ ಹುಡುಕುವ ಅಗತ್ಯ ಬೀಳಲಿಲ್ಲ.

ಕೋಪಾಲ್ 0 ಶಟರಿಗೆ ಬೇಕಾದ ತೂತು 34.6 ಮಿ.ಮೀ. ಸ್ವಲ್ಪ ಸಡಿಲವಿರಲೆಂದು 34.8ಕ್ಕೆ ಒಪ್ಪಿದೆವು. ಅಲ್ಯೂಮಿನಿಯಂ ಹಲಗೆಯನ್ನು ಲೇತಿಗೆ ಕಚ್ಚಿಸಿ ನಿಧಾನವಾಗಿ ಕೊರೆದು, ನಡುನಡುವೆ ನಿಲ್ಲಿಸಿ ಅಳೆಯುತ್ತಾ, ಕೊನೆಯ ಕೂದಲೆಳೆಯಷ್ಟನ್ನು ಮಾತ್ರ ಅವರು ತಮ್ಮ ಕೈಯಾರೆ ತೆಗೆದರು. ಶಟರಿನ ಹಿಂಬದಿಯಲ್ಲಿ ಅದು ತಿರುಗದಂತೆ ತಡೆಯುವ ಪುಟ್ಟ ಮೊಳೆಯಿರುತ್ತದೆ. ಅದಕ್ಕೂ ಒಂದು ಕಚ್ಚು ಹಾಕಿದರು. ಕಪ್ಪು ಆನೋಡೈಸಿಂಗ್ ಪಕ್ಕದ ಬೀದಿಯಲ್ಲೇ ಆಯಿತು. ಮನೆಗೆ ತಂದು ಕ್ಯಾಮೆರಾಕ್ಕೆ ಹಾಕಿದರೆ ಮೂಲ ಬೋರ್ಡಿಗೂ ಇದಕ್ಕೂ ಕೂರುವುದರಲ್ಲಿ ವ್ಯತ್ಯಾಸವೇ ಇಲ್ಲ. ಇಂಥ ಕೈಗಳು ಊರಿನಲ್ಲಿ ಇರುವವರೆಗೆ ಹಳೆಯ ಲೋಹದ ಕ್ಯಾಮೆರಾ ಕೊಳ್ಳಲು ಬೆಂಗಳೂರಿನವರು ಹೆದರಬೇಕಿಲ್ಲ ಎಂದು ನನಗೆ ಅನ್ನಿಸಿತು.

ಆಮೇಲೆ ಸಾವನದುರ್ಗ. ಕರಿಗುಡ್ಡದ ಇಳಿಜಾರಿನಲ್ಲಿ, ಕಾಲಡಿಯ ಕಲ್ಲುಹೂವಿನಿಂದ ಮಂಚನಬೆಲೆ ಜಲಾಶಯದ ನೀರಿನವರೆಗೆ ಒಂದೇ ಚೌಕಟ್ಟಿನಲ್ಲಿ ಬರುವ ಜಾಗವೊಂದಿದೆ. 150ರ ಲೆನ್ಸನ್ನು 6 ಡಿಗ್ರಿಗೆ ತುಸು ಕಡಿಮೆ ಬಾಗಿಸಿ, ತಿರುಪು ಬಿಗಿದು, ಎಫ್/22ರಲ್ಲಿ ಒಂದು ಹಾಳೆ ತೆಗೆದೆ. ಅದೇ ಜಾಗದಲ್ಲಿ ಏನನ್ನೂ ಮುಟ್ಟದೆ, ಗಾಳಿ ಜೋರಾದ ಮೇಲೆ, ಹೋಲ್ಡರ್ ತಿರುಗಿಸಿ ಇನ್ನೊಂದು. ಎರಡೂ ನೆಗೆಟಿವ್‌ಗಳನ್ನು ಅಕ್ಕಪಕ್ಕ ಇಟ್ಟು ಲೂಪಿನಲ್ಲಿ ನೋಡಿದಾಗ ಬುಡದ ಕಲ್ಲುಹೂವಿನ ಅಂಚು ಎರಡರಲ್ಲೂ ಸಮನಾಗಿತ್ತು. ಎರಡನೆಯದರಲ್ಲಿ ಅಲುಗಿದ್ದುದು ಬಿರುಕಿನ ಹುಲ್ಲು ಮಾತ್ರ.

ಉಳಿದಿರುವ ಕೆಲಸ ಬೆಲ್ಲೋಸಿನದು. ಬಣ್ಣ ಬಳಿದ ಮೂಲೆಗಳು ಸದ್ಯಕ್ಕೆ ತಡೆದುಕೊಂಡಿವೆ, ಆದರೆ ಅದು ತಾತ್ಕಾಲಿಕ. ಪ್ರತಿ ಸಲ ಬೆಟ್ಟಕ್ಕೆ ಹೋಗುವ ಹಿಂದಿನ ರಾತ್ರಿ ಟಾರ್ಚ್ ಹಾಕಿ ನೋಡುತ್ತೇನೆ. ಮಳೆಗಾಲದಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ. ಬೆಲ್ಲೋಸನ್ನು ಮಾತ್ರ ತಿಂಗಳಿಗೊಮ್ಮೆ ಚಾಚಿ ಗಾಳಿಯಾಡಿಸುತ್ತೇನೆ. ಹೊಸದಕ್ಕೆ ಬೇಕಾದ ಅಳತೆಗಳನ್ನು, ಮುಂದಿನ ಮತ್ತು ಹಿಂದಿನ ಚೌಕಟ್ಟಿನ ಒಳಅಗಲ, ಮಡಿಕೆಗಳ ಆಳ, ಪೂರ್ತಿ ಚಾಚಿದ ಉದ್ದ, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಈ ಬೇಸಿಗೆ ಮುಗಿಯುವುದರೊಳಗೆ ಅದನ್ನು ಮಾಡಿಸಿಬಿಡಬೇಕು. 300 ಮಿ.ಮೀ. ಲೆನ್ಸಿಗೆ ಮೂರನೆಯ ಬೋರ್ಡ್ ಆಗಲೇ ಪೀಣ್ಯದಲ್ಲಿ ಲೇತಿನ ಸರದಿ ಕಾಯುತ್ತಿದೆ. ಅದು ಕೋಪಾಲ್ 1 ಶಟರಿನದಾದ್ದರಿಂದ ತೂತು 41.6 ಮಿ.ಮೀ. ಎಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟು ಬಂದಿದ್ದೇನೆ.